ಸೀಟು ಸಿಕ್ಕೀತೇ? ಸಾಲ ತೆಗೆಯುವ ಮೊದಲು ಮಾಡಬೇಕಾದ ಲೆಕ್ಕ

(ಹಲಸಂಗಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು, ಪಾಲಕರು ಹಾಗೂ ಪಿಯುಸಿ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



  ಸಾಮಾನ್ಯವಾಗಿ ನಾವು ಇಲ್ಲಿ ಉಳಿತಾಯ, ಆರೋಗ್ಯ, ಕುರಿ ಸಾಕಾಣಿಕೆ ಇಂಥ ವಿಷಯಗಳನ್ನು ಮಾತಾಡುತ್ತೇವೆ. ಇವತ್ತು ಬೇರೆ ವಿಷಯ ತೆಗೆದುಕೊಂಡಿದ್ದೇವೆ. ಅದಕ್ಕೆ ಕಾರಣ ನೀವೇ. ಒಂದು ಸಂಘದ ವಾರದ ಸಭೆಯಲ್ಲಿ ಒಬ್ಬ ತಾಯಿ ಸಾಲದ ಅರ್ಜಿ ಕೊಟ್ಟರು. ಎಮ್ಮೆಗಲ್ಲ, ಬೋರ್‌ವೆಲ್‌ಗೂ ಅಲ್ಲ. ಮಗಳ ನೀಟ್ ಕೋಚಿಂಗಿಗೆ. ಬಡ್ಡಿ ಎಷ್ಟು, ಕಂತು ಎಷ್ಟು ಅನ್ನೋದೆಲ್ಲ ಮುಗಿದ ಮೇಲೆ ಆಕೆ ನಮ್ಮ ಕಾರ್ಯಕರ್ತೆಯನ್ನು ಕೇಳಿದ್ದು ಒಂದೇ ಮಾತು: "ಅಕ್ಕಾರ, ನಮ್ಮ ಹುಡುಗಿಗೆ ಸೀಟ್ ಸಿಗತೈತೇನ್ರಿ?"

ನಮ್ಮ ಕಾರ್ಯಕರ್ತೆಗೆ ಉತ್ತರ ಬರಲಿಲ್ಲ. "ಚೊಲೊ ಓದಿದ್ರ ಸಿಗತೈತಿ" ಅಂದರು. ಅದು ಉತ್ತರವಲ್ಲ ಅಂತ ಆ ತಾಯಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಎಮ್ಮೆ ಕೊಳ್ಳುವಾಗ ಎಷ್ಟು ಹಾಲು ಕೊಡುತ್ತದೆ, ಎಷ್ಟನೇ ಸೂಲು, ಮೇವಿಗೆ ಎಷ್ಟು ಖರ್ಚು ಅಂತ ಹತ್ತು ಪ್ರಶ್ನೆ ಕೇಳುವ ನಾವು, ಅದರ ಎರಡು ಪಟ್ಟು ರೊಕ್ಕ ಸುರಿಯುವಾಗ ಒಂದು ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರಲಿಲ್ಲ. ಆಮೇಲೆ ಕೂತು ಮಾಹಿತಿ ಕೂಡಿಸಿದೆವು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಈ ಊರಿನಲ್ಲಿ ನಿಂತು ಓದಿನ ಮಾತು ಆಡುವಾಗ ಮಧುರಚೆನ್ನರ ನೆನಪು ಬಾರದೆ ಇರುವುದಿಲ್ಲ. ಹಲಸಂಗಿಯ ಚೆನ್ನಮಲ್ಲಪ್ಪ ಗಲಗಲಿ, 1903ರಲ್ಲಿ ಹುಟ್ಟಿದವರು. ಮುಲ್ಕಿ ಪರೀಕ್ಷೆಯಾದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಇಂಗ್ಲಿಷನ್ನು ತಾವೇ ಕಲಿತರು. ಗೆಳೆಯರ ಗುಂಪು ಕಟ್ಟಿಕೊಂಡು ಬೀಸುವ ಕಲ್ಲಿನ ಹಾಡುಗಳನ್ನು ಕೂಡಿಸಿದರು. ಇದನ್ನು "ಕಾಲೇಜು ಸಿಗದಿದ್ರೂ ನಡೀತೈತಿ" ಅನ್ನೋ ಸಮಾಧಾನಕ್ಕೆ ಹೇಳುತ್ತಿಲ್ಲ. ಆಗ ಇಲ್ಲಿಯ ಹುಡುಗನಿಗೆ ಕಾಲೇಜು ಅಂದರೆ ಧಾರವಾಡ. ಅಲ್ಲಿಯ ಕರ್ನಾಟಕ ಕಾಲೇಜು ಆದದ್ದೇ 1917ರಲ್ಲಿ. ಅದಕ್ಕೂ ಮೊದಲು ಪುಣೆ, ಮುಂಬಯಿ. ಸಿಗುತ್ತದೋ ಇಲ್ಲವೋ ಎಂಬ ಲೆಕ್ಕ ಹಾಕುವ ಪ್ರಶ್ನೆಯೇ ಬಹಳ ಮನೆಗಳಲ್ಲಿ ಏಳುತ್ತಿರಲಿಲ್ಲ. ಇವತ್ತು ಏಳುತ್ತದೆ. ಆದ್ದರಿಂದ ಲೆಕ್ಕ ಸರಿಯಾಗಿ ಹಾಕೋಣ.

ಮೊದಲು ನೀಟ್ ತೆಗೆದುಕೊಳ್ಳೋಣ, ಯಾಕಂದರೆ ನಮ್ಮ ಮನೆಗಳಲ್ಲಿ ಹೆಚ್ಚು ಆಸೆ ಡಾಕ್ಟರ್ ಮೇಲೆ. 2025ರಲ್ಲಿ ದೇಶದಲ್ಲಿ ಸುಮಾರು 22 ಲಕ್ಷ ಮಕ್ಕಳು ನೀಟ್ ಬರೆದರು. ಅವರಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ "ಅರ್ಹರು" ಎಂದು ಫಲಿತಾಂಶ ಬಂತು. ದೇಶದಲ್ಲಿ ಎಂಬಿಬಿಎಸ್ ಸೀಟುಗಳು ಒಂದು ಲಕ್ಷದ ಮೇಲೆ ಸ್ವಲ್ಪ. ಅದರಲ್ಲಿ ಸರಕಾರಿ ಕಾಲೇಜಿನವು ಸುಮಾರು ಅರ್ಧ. ಈಗ ನೀವೇ ಹೇಳ್ರಿ, "ಪಾಸಾಗ್ಯಾನ" ಅಂತ ಪೇಢೆ ಹಂಚಿದ ಮನೆಗೆ ಸೀಟು ಬಂತೇನು? ನೀಟಿನಲ್ಲಿ ಅರ್ಹತೆ ಅಂದರೆ, ಸಾಮಾನ್ಯ ವರ್ಗದವರ ಮಟ್ಟಿಗೆ, ಬರೆದವರಲ್ಲಿ ಅರ್ಧ ಮಂದಿಗಿಂತ ಮುಂದಿದ್ದೀರಿ ಅಂತ ಅಷ್ಟೇ. ಮೀಸಲಾತಿ ಇರುವವರಿಗೆ ಅದಕ್ಕಿಂತ ಕೆಳಗೆ. 2025ರಲ್ಲಿ 720ಕ್ಕೆ 144 ಬಂದರೂ ಸಾಮಾನ್ಯ ವರ್ಗದಲ್ಲಿ ಅರ್ಹತೆ ಆಯಿತು. ಆ ಅಂಕಕ್ಕೆ ಸರಕಾರಿ ಸೀಟು ಎಲ್ಲೂ ಇಲ್ಲ. ಆದರೆ ಫಲಿತಾಂಶ ಬಂದ ಮರುದಿನದಿಂದಲೇ ಏಜೆಂಟರ ಫೋನು ಶುರುವಾಗುತ್ತದೆ. "ನಿಮ್ಮ ಹುಡುಗ ಕ್ವಾಲಿಫೈ ಆಗ್ಯಾನ, ಸೀಟ್ ಹಿಡಿದು ಕೊಡ್ತೀವಿ" ಅಂತಾರೆ. ಆ ಸೀಟು ವರ್ಷಕ್ಕೆ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಸೀಟು. ಹೊಲ ಬರೆದು ಕೊಟ್ಟ ಮನೆಗಳನ್ನು ನಾವು ಕಂಡಿದ್ದೇವೆ.

ಇನ್ನೊಂದು ತಪ್ಪು, ಅಂಕವನ್ನು ಹಿಡಿದು ಕೂಡುವುದು. "ಅವರ ಮಗ ಹೋದ ವರ್ಷ ಇಷ್ಟು ತೆಗೆದಿದ್ದ, ನಮ್ಮಾಕಿಗೂ ಅಷ್ಟ ಬಂದೈತಿ" ಎನ್ನುತ್ತಾರೆ. 2024ರಲ್ಲಿ, ಫಲಿತಾಂಶ ಪರಿಷ್ಕರಿಸಿದ ಮೇಲೆಯೂ, 720ಕ್ಕೆ 720 ತೆಗೆದವರು 17 ಮಂದಿ ಇದ್ದರು. 2025ರಲ್ಲಿ ಪ್ರಶ್ನೆಪತ್ರಿಕೆ ಕಠಿಣವಾಗಿ, ದೇಶಕ್ಕೆ ಮೊದಲು ಬಂದವರ ಅಂಕವೇ 686. ಒಂದು ವರ್ಷದ 550 ಇನ್ನೊಂದು ವರ್ಷದ 550 ಅಲ್ಲ. ಐಐಟಿಗೆ ಹೋಗುವ ಜೆಇಇ ಅಡ್ವಾನ್ಸ್ಡ್ ಪರೀಕ್ಷೆಯಲ್ಲೂ ಹೀಗೇ. ಸಾಮಾನ್ಯ ಪಟ್ಟಿಗೆ ಬೇಕಾದ ಕನಿಷ್ಠ ಅಂಕ 360ಕ್ಕೆ 2023ರಲ್ಲಿ 86 ಇತ್ತು, 2024ರಲ್ಲಿ 109 ಆಯಿತು, 2025ರಲ್ಲಿ 74ಕ್ಕೆ ಇಳಿಯಿತು. ಮಾರ್ಕೆಟ್ಟಿನಲ್ಲಿ ನಿಂಬೆಹಣ್ಣಿನ ದರ ಇದ್ದಂಗ ಅದು. ಹೋದ ವರ್ಷದ ದರ ಹೇಳಿಕೊಂಡು ಈ ವರ್ಷದ ಚೀಲ ಮಾರಲಿಕ್ಕಾಗುವುದಿಲ್ಲ. ಸ್ವಲ್ಪ ಸ್ಥಿರವಾಗಿ ನಿಲ್ಲುವುದು ರ್‍ಯಾಂಕ್. ಆದ್ದರಿಂದ ಹೋಲಿಸುವುದಿದ್ದರೆ ರ್‍ಯಾಂಕಿಗೆ ರ್‍ಯಾಂಕ್ ಹೋಲಿಸಬೇಕು.

ಪರ್ಸೆಂಟೈಲ್ ಅನ್ನುವ ಶಬ್ದದಿಂದಲೂ ಬಹಳ ಮಂದಿ ಮೋಸ ಹೋಗುತ್ತಾರೆ. ಜೆಇಇ ಮೇನ್‌ನಲ್ಲಿ 90 ಪರ್ಸೆಂಟೈಲ್ ಬಂತು ಅಂದರೆ ನೂರಕ್ಕೆ ತೊಂಬತ್ತು ಬಂತು ಅಂತ ಅಲ್ಲ. 2024ರಲ್ಲಿ ಸುಮಾರು 14 ಲಕ್ಷ ಮಕ್ಕಳು ಆ ಪರೀಕ್ಷೆ ಬರೆದರು. 90 ಪರ್ಸೆಂಟೈಲ್ ಅಂದರೆ ನಿಮ್ಮ ಮುಂದೆ ಇನ್ನೂ 1 ಲಕ್ಷ 40 ಸಾವಿರ ಮಂದಿ ಸಾಲಿನಲ್ಲಿ ನಿಂತಿದ್ದಾರೆ. 99 ಅಂದರೂ 14 ಸಾವಿರ ಮಂದಿ ಮುಂದಿದ್ದಾರೆ. ಆ ವರ್ಷ ಸಾಮಾನ್ಯ ವರ್ಗದವರು ಅಡ್ವಾನ್ಸ್ಡ್ ಬರೆಯಲಿಕ್ಕೇ 93.23 ಪರ್ಸೆಂಟೈಲ್ ಬೇಕಾಯಿತು. ಮೇನ್‌ನಿಂದ ಮೇಲಕ್ಕೆ ಬಿಡುವುದು ಮೊದಲ ಎರಡೂವರೆ ಲಕ್ಷ ಮಂದಿಯನ್ನು. 2024ರಲ್ಲಿ ಬರೆದವರು ಸುಮಾರು 1 ಲಕ್ಷ 80 ಸಾವಿರ. 23 ಐಐಟಿಗಳಲ್ಲಿ ಇದ್ದ ಸೀಟು 17,740. ಸೋಸಿ ಸೋಸಿ ಉಳಿದವರಲ್ಲೇ ಹತ್ತು ಮಂದಿಗೆ ಒಂದು ಸೀಟು.

2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. "ನಮ್ಮ ಧಾರವಾಡದಾಗ ಬಂದೈತಿ, ನಮ್ಮವರಿಗೆ ಸಿಗತೈತಿ" ಅಂತ ಎಷ್ಟೋ ಮಂದಿ ತಿಳಿದರು. ಐಐಟಿಯಲ್ಲಿ ರಾಜ್ಯದವರಿಗೆ ಬೇರೆ ಪಾಲು ಇಲ್ಲ. ಬಿಹಾರದ ಹುಡುಗನೂ ಇಂಡಿಯ ಹುಡುಗನೂ ಒಂದೇ ಸಾಲು. ಆದರೆ ಸುರತ್ಕಲ್ಲಿನ ಎನ್‌ಐಟಿ ಹಾಗಲ್ಲ. ಅಲ್ಲಿ ಅರ್ಧ ಸೀಟು ಕರ್ನಾಟಕದವರಿಗೆ. ಇದು ನಮ್ಮ ಮಕ್ಕಳಿಗೆ ದೊಡ್ಡ ಅನುಕೂಲ. ಮತ್ತು ಇಲ್ಲೇ ನಮ್ಮ ಗಡಿಭಾಗದವರು ಎಡವುವುದು. ಜೆಇಇ ಸೀಟು ಹಂಚುವಾಗ "ನಿಮ್ಮ ರಾಜ್ಯ" ಅಂದರೆ ನೀವು ಹುಟ್ಟಿದ ರಾಜ್ಯ ಅಲ್ಲ, ರೇಶನ್ ಕಾರ್ಡ್ ಇರುವ ರಾಜ್ಯವೂ ಅಲ್ಲ. ಹನ್ನೆರಡನೇ ತರಗತಿ ಎಲ್ಲಿ ಪಾಸಾದಿರೋ ಆ ರಾಜ್ಯ. ಸೊಲ್ಲಾಪುರ ನಮಗೆ ವಿಜಯಪುರದಷ್ಟೇ ಹತ್ತಿರ. ಲಾತೂರಿನ ಕೋಚಿಂಗಿಗೆ ದೊಡ್ಡ ಹೆಸರು. ಹತ್ತನೇ ಆದ ಕೂಡಲೇ ಹುಡುಗನನ್ನು ಅಲ್ಲಿಯ ಜೂನಿಯರ್ ಕಾಲೇಜಿಗೆ ಹಾಕುತ್ತಾರೆ. ಹನ್ನೆರಡನೇ ಅಲ್ಲಿ ಪಾಸಾದ ಹುಡುಗ ಎನ್‌ಐಟಿ ಲೆಕ್ಕದಲ್ಲಿ ಮಹಾರಾಷ್ಟ್ರದವನು. ಅವನಿಗೆ ನಾಗಪುರದ ಎನ್‌ಐಟಿಯಲ್ಲಿ ರಾಜ್ಯದ ಪಾಲು, ಸುರತ್ಕಲ್ಲಿನಲ್ಲಿ ಇಲ್ಲ. ಹಾಕಬಾರದು ಅಂತ ನಾವು ಹೇಳುವುದಿಲ್ಲ. ಹಾಕುವಾಗ ಇದು ಗೊತ್ತಿದ್ದು ಹಾಕಬೇಕು. ಗೊತ್ತಿಲ್ಲದೆ ಹಾಕಿ, ಕೌನ್ಸೆಲಿಂಗ್ ದಿವಸ ಕಂಪ್ಯೂಟರ್ ಮುಂದೆ ಕೂತು ಗೊತ್ತು ಮಾಡಿಕೊಂಡವರು ಇದ್ದಾರೆ.

ನಮ್ಮ ರಾಜ್ಯದ ಸಿಇಟಿಗೆ ನಿಯಮ ಬೇರೆ. ಸಾಮಾನ್ಯವಾಗಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ಇಲ್ಲಿ ಪಾಸಾಗಿರಬೇಕು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುವ ಮನೆಗಳವರು ಇದನ್ನು ಎಣಿಸಿ ನೋಡಬೇಕು. ಎರಡು ವರ್ಷ ಅಲ್ಲಿ, ಮೂರು ವರ್ಷ ಇಲ್ಲಿ, ಮತ್ತೆ ಎರಡು ವರ್ಷ ಅಲ್ಲಿ. ಎಣಿಸಿದರೆ ಏಳು ಆಗುತ್ತದೋ ಇಲ್ಲವೋ. ಆಚೆ ಕಡೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿರುವ ನಮ್ಮ ಕನ್ನಡದ ಬೀಗರ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂದು ಬೇರೆ ಅವಕಾಶ ಇಟ್ಟಿದ್ದಾರೆ. ಅವರಿಗೂ ತಿಳಿಸಿರಿ. ಪ್ರತಿ ವರ್ಷ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕ ಬರುತ್ತದೆ. ಆ ವರ್ಷದ್ದನ್ನೇ ಓದಿ ನೋಡಬೇಕು.

ಇನ್ನು ಬಹಳ ಮಂದಿ ಕೇಳುವುದು 371(ಜೆ). ಭೀಮಾ ಹೊಳೆಯ ಈ ದಂಡೆಗೆ ನಾವು, ಆ ದಂಡೆಗೆ ಅಫಜಲಪುರ. ಮಳೆ ಅದೇ, ಬರ ಅದೇ, ತೊಗರಿ ಅದೇ. ಆದರೆ ಅವರು ನಿಜಾಮನ ಆಳ್ವಿಕೆಯಲ್ಲಿದ್ದರು, ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. 2012ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಹಳೆಯ ಹೈದರಾಬಾದ್ ಕರ್ನಾಟಕಕ್ಕೆ ಮಾತ್ರ. ಅಲ್ಲಿಯ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಅಲ್ಲಿಯವರಿಗೆ, ಉಳಿದ ಕರ್ನಾಟಕದ ಕಾಲೇಜುಗಳಲ್ಲೂ ನೂರಕ್ಕೆ 8. ವಿಜಯಪುರ ಜಿಲ್ಲೆ ಅದರಲ್ಲಿ ಇಲ್ಲ. ಆಚೆ ದಂಡೆಯ ಮಾವನ ಮಗನಿಗೆ ಯಾವ ರ್‍ಯಾಂಕಿಗೆ ಕಲಬುರಗಿಯಲ್ಲಿ ಸೀಟು ಸಿಕ್ಕಿತು ಎಂಬುದನ್ನು ನೋಡಿ ನಮ್ಮ ಹುಡುಗನ ಲೆಕ್ಕ ಹಾಕಿದರೆ ಅದು ತಪ್ಪು ಲೆಕ್ಕ.

ಹಾಗಾದರೆ ನಮಗೆ ಏನಿದೆ? ಎರಡು ಇವೆ, ಮತ್ತು ಎರಡನ್ನೂ ನಾವೇ ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ. ಒಂದನೇ ತರಗತಿಯಿಂದ ಹತ್ತನೇವರೆಗೆ, ಪೂರ್ತಿ ಹತ್ತು ವರ್ಷ, ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15 ಗ್ರಾಮೀಣ ಮೀಸಲಾತಿ. ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಹಲಸಂಗಿ ಗ್ರಾಮ ಪಂಚಾಯಿತಿ ಊರು. ಇಲ್ಲಿ ಓದಿದರೆ ಗ್ರಾಮೀಣ. ಎಂಟನೇ ತರಗತಿಗೆ ಇಂಡಿ ಪಟ್ಟಣದ ಶಾಲೆಗೆ ಹಾಕಿದಿರೋ, ಏಳು ವರ್ಷ ಹಳ್ಳಿಯಲ್ಲಿ ಓದಿದ್ದು ಲೆಕ್ಕಕ್ಕೆ ಇಲ್ಲ. ಹತ್ತಕ್ಕೆ ಹತ್ತೂ ಬೇಕು. ಇಂಗ್ಲಿಷ್ ಮೀಡಿಯಂ ಬಸ್ಸು ಮನೆ ಮುಂದೆ ಬಂದು ನಿಲ್ಲುತ್ತದೆ, ಪಕ್ಕದ ಮನೆಯವರು ಕಳಿಸುತ್ತಾರೆ, ನಾವೂ ಕಳಿಸುತ್ತೇವೆ. ಆ ಶಾಲೆ ನಿಜವಾಗಿ ಚೆನ್ನಾಗಿದ್ದರೆ ಕಳಿಸಿರಿ, ನಾವು ಬೇಡ ಅನ್ನುವುದಿಲ್ಲ. ಬಸ್ಸು ಚೆನ್ನಾಗಿದೆ ಅಂತ ಕಳಿಸಬೇಡ್ರಿ. ಈ ಮೀಸಲಾತಿ ಪಡೆಯಲು ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ಬೇಕು, ಬಿಇಓ ಸಹಿ ಬೇಕು. ಸಾಮಾನ್ಯ ವರ್ಗದವರು ಆದಾಯ ಮಿತಿಯ ಪ್ರಮಾಣಪತ್ರವನ್ನೂ ಕೊಡಬೇಕು. ಜೂನ್ ತಿಂಗಳಲ್ಲಿ ಓಡಾಡುವ ಬದಲು ಡಿಸೆಂಬರ್ ರಜೆಯಲ್ಲೇ ಮಾಡಿ ಇಟ್ಟುಕೊಳ್ಳಿರಿ.

ಜಾತಿ ಪ್ರಮಾಣಪತ್ರದಲ್ಲೂ ಒಂದು ಗೊಂದಲ ಇದೆ. ರಾಜ್ಯದ 2ಎ, 3ಎ, 3ಬಿ ಇವು ಸಿಇಟಿಗೆ. ಐಐಟಿ, ಎನ್‌ಐಟಿಗೆ ಮತ್ತು ನೀಟಿನ ಅಖಿಲ ಭಾರತ ಪಾಲಿಗೆ ಕೇಂದ್ರದ ಒಬಿಸಿ ಪಟ್ಟಿ. ನಮ್ಮ ಕಡೆ 3ಬಿ ಪತ್ರ ಇಟ್ಟುಕೊಂಡು "ನಾವು ಒಬಿಸಿ" ಅಂತ ಅರ್ಜಿ ತುಂಬುತ್ತಾರೆ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಅಥವಾ ಉಪಜಾತಿಯ ಹೆಸರು ಇದ್ದರೆ ಮಾತ್ರ ಒಬಿಸಿ. ಪತ್ರವೂ ಕೇಂದ್ರದ ನಮೂನೆಯಲ್ಲೇ, ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೇ ಆಗಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಆರ್ಥಿಕವಾಗಿ ಹಿಂದುಳಿದವರ ಶೇಕಡಾ 10 ಇದೆ ಅಂತೀರಿ. ಅದಕ್ಕೆ ವರ್ಷದ ಆದಾಯ 8 ಲಕ್ಷದ ಒಳಗೆ ಇರಬೇಕು, ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. ನಮ್ಮಲ್ಲಿ ಎಂಟು ಎಕರೆ ಮಡ್ಡಿ ಇದ್ದು, ಮೂರು ವರ್ಷದಿಂದ ಬಿತ್ತಿದ ಬೀಜವೂ ಬಾರದ ಮನೆಗಳಿವೆ. ಅವರು ಈ ಪಾಲಿಗೆ ಬರುವುದಿಲ್ಲ. ನೀರಾವರಿಯ ನಾಲ್ಕು ಎಕರೆಯವರು ಬರುತ್ತಾರೆ. ಇದು ನ್ಯಾಯವೇ ಅಂತ ಕೇಳಿದರೆ ನಮಗೂ ಹೊಟ್ಟೆ ಉರಿಯುತ್ತದೆ. ಆದರೆ ಲೆಕ್ಕ ಹಾಕುವಾಗ ಇರುವ ನಿಯಮದ ಮೇಲೆ ಹಾಕಬೇಕು.

ಈಗ ಎಲ್ಲಕ್ಕಿಂತ ಮುಖ್ಯವಾದ್ದು. ಮಗುವಿನ ಶಕ್ತಿ ಎಷ್ಟು ಅಂತ ಅಳೆಯುವುದು ಹ್ಯಾಂಗ?

ಹತ್ತನೇ ತರಗತಿಯ ಅಂಕ ಸಾಲದು. 95 ಬಂದ ಮಕ್ಕಳು ಪ್ರಥಮ ಪಿಯುಸಿ ವಿಜ್ಞಾನಕ್ಕೆ ಹೋಗಿ, ಪಾಠವೆಲ್ಲ ಒಮ್ಮೆಲೇ ಇಂಗ್ಲಿಷಾಗಿ, ದೀಪಾವಳಿ ಹೊತ್ತಿಗೆ ಬಾಯಿ ಮುಚ್ಚಿ ಕೂತುಬಿಡುತ್ತಾರೆ. ಆ ಆರು ತಿಂಗಳ ಅಂಕ ನೋಡಿ "ಇವನಿಗೆ ಆಗೋದಿಲ್ಲ" ಅಂತ ತೀರ್ಮಾನಿಸಬೇಡಿ. ಅದು ಭಾಷೆಯ ಪೆಟ್ಟು, ಬುದ್ಧಿಯದಲ್ಲ. 2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ, 2021ರಿಂದ ಜೆಇಇ ಮೇನ್ ಕೂಡ ಇದೆ. ಅಡ್ವಾನ್ಸ್ಡ್ ಮಾತ್ರ ಇಂಗ್ಲಿಷ್, ಹಿಂದಿ ಎರಡೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಹತ್ತು ವರ್ಷ ಕರ್ನಾಟಕದಲ್ಲಿ ಓದಿದವರಿಗೆ ನೂರಕ್ಕೆ 25 ಇಟ್ಟಿದ್ದಾರೆ, ಆದರೆ ಅದಕ್ಕೆ ಬರೆಯುವ ಕ್ಲಾಟ್ ಪರೀಕ್ಷೆ ಪೂರ್ತಿ ಇಂಗ್ಲಿಷ್.

ಕೋಚಿಂಗಿನವರು ಮಾಡುವ "ಸ್ಕಾಲರ್‌ಶಿಪ್ ಟೆಸ್ಟ್" ಅಳತೆಗೋಲಲ್ಲ. ಅದರಲ್ಲಿ ಬಹುಪಾಲು ಎಲ್ಲರಿಗೂ ಎಷ್ಟೋ ಪರ್ಸೆಂಟ್ ರಿಯಾಯಿತಿ ಸಿಗುತ್ತದೆ. ಸಂತೆಯಲ್ಲಿ ಸೀರೆಯ ದರ ಮೊದಲು ಏರಿಸಿ ಆಮೇಲೆ ಇಳಿಸಿದಂತೆ. ಬ್ಯಾನರಿನ ಮೇಲಿನ ಫೋಟೊ ನೋಡಬೇಡಿ. ಒಂದೇ ಹುಡುಗನ ಫೋಟೊ ಎರಡು ಸಂಸ್ಥೆಗಳ ಬ್ಯಾನರಿನಲ್ಲಿ ನಗುತ್ತಿರುತ್ತದೆ. ಅಲ್ಲಿ ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಎಷ್ಟು ಮಂದಿಗೆ ಸರಕಾರಿ ಸೀಟು ಬಂತು ಅಂತ ಕೇಳ್ರಿ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಮೊದಲನೆಯದಕ್ಕೆ ಕೊಡುವುದಿಲ್ಲ. 2024ರಲ್ಲಿ ಕೇಂದ್ರ ಸರಕಾರ ಎರಡು ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನ ಮಕ್ಕಳನ್ನು ಸೇರಿಸಿಕೊಳ್ಳಬಾರದು, ನಡುವೆ ಬಿಟ್ಟರೆ ಉಳಿದ ಅವಧಿಯ ಶುಲ್ಕ ವಾಪಸ್ ಕೊಡಬೇಕು ಎಂದು ಒಂದು. ದಾರಿ ತಪ್ಪಿಸುವ ಜಾಹೀರಾತು ಹಾಕಬಾರದು ಎಂದು ಇನ್ನೊಂದು. ರೊಕ್ಕ ಕಟ್ಟುವ ದಿವಸ ಈ ಮಾತು ಎತ್ತಿ ನೋಡ್ರಿ, ಮ್ಯಾನೇಜರನ ಮುಖ ಹೇಗೆ ಬದಲಾಗುತ್ತದೆ.

ನಾವು ಹೇಳುವ ಉಪಾಯಕ್ಕೆ ಖರ್ಚು ಇಲ್ಲ. ಹಿಂದಿನ ಮೂರು ವರ್ಷದ ನಿಜವಾದ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿರಿ. ಪರೀಕ್ಷೆ ನಡೆಸುವ ಎನ್‌ಟಿಎ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಭಾನುವಾರ ಮಧ್ಯಾಹ್ನ ಎರಡರಿಂದ ಐದು, ಗಡಿಯಾರ ಇಟ್ಟು, ಮೊಬೈಲ್ ಹೊರಗಿಟ್ಟು, ನಡುವೆ ಎದ್ದು ಚಹಾ ಕುಡಿಯದೆ ಬರೆಯಬೇಕು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯಬೇಕು. ಹುಡುಗರು ಕಳೆಯುವುದಿಲ್ಲ, "ಅದು ಗೊತ್ತಿತ್ತು, ಅವಸರದಾಗ ತಪ್ಪಿತು" ಅಂತ ಕೂಡಿಸಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಯಾರೂ ಹಾಗೆ ಕೂಡಿಸಿಕೊಡುವುದಿಲ್ಲ. ಮೂರು ವಾರ ಮೂರು ಪತ್ರಿಕೆ. ಮೂರರಲ್ಲಿ ಹೆಚ್ಚಿನದನ್ನು ಮರೆತುಬಿಡಿ, ನಡುವಿನದನ್ನು ಹಿಡಿಯಿರಿ. ಆ ಅಂಕಕ್ಕೆ ಆ ಪತ್ರಿಕೆಯ ವರ್ಷದಲ್ಲಿ ಯಾವ ರ್‍ಯಾಂಕ್ ಬಂದಿತ್ತು ನೋಡಿರಿ. ಆಮೇಲೆ ಆ ರ್‍ಯಾಂಕಿಗೆ, ನಿಮ್ಮ ಪ್ರವರ್ಗದಲ್ಲಿ, ಕೊನೆಯ ಸುತ್ತಿನಲ್ಲಿ, ಯಾವ ಕಾಲೇಜಿನ ಬಾಗಿಲು ಎಲ್ಲಿ ಮುಚ್ಚಿತು ಅಂತ ನೋಡಿರಿ. ಐಐಟಿ, ಎನ್‌ಐಟಿಗಳ ಪಟ್ಟಿಯನ್ನು ಜೋಸಾ ಪ್ರಕಟಿಸುತ್ತದೆ, ನಮ್ಮ ರಾಜ್ಯದ್ದನ್ನು ಪರೀಕ್ಷಾ ಪ್ರಾಧಿಕಾರ ಪ್ರಕಟಿಸುತ್ತದೆ.

ನಾವು ಮೊದಲು ಹೇಳಿದ ಆ ಹುಡುಗಿಯೊಂದಿಗೆ ಹೀಗೇ ಕೂತೆವು. ಮೂರು ಪತ್ರಿಕೆಗೆ 310, 345, 330 ಬಂತು. ಜೀವಶಾಸ್ತ್ರದಲ್ಲಿ 360ಕ್ಕೆ ಇನ್ನೂರರ ಮೇಲೆ, ಭೌತಶಾಸ್ತ್ರದಲ್ಲಿ 180ಕ್ಕೆ ಇಪ್ಪತ್ತೂ ದಾಟಿರಲಿಲ್ಲ. ಅವಳ ಪ್ರವರ್ಗದ ಕೊನೆಯ ಸರಕಾರಿ ಸೀಟಿಗೂ ಅವಳಿಗೂ ನೂರಕ್ಕೂ ಹೆಚ್ಚು ಅಂಕದ ಅಂತರ. ಹುಡುಗಿ ಸುಮ್ಮನೆ ಹಾಳೆ ನೋಡುತ್ತಿದ್ದಳು. ತಾಯಿ ಅಂದರು, "ಓಣ್ಯಾಗೆಲ್ಲ ಡಾಕ್ಟರ್ ಆಗತಾಳ ಅಂತ ಹೇಳಿಬಿಟ್ಟೀನ್ರಿ ಅಕ್ಕಾರ. ಈಗ ಮುಖ ಹ್ಯಾಂಗ ತೋರಸ್ಲಿ?" ನಮಗೆ ಆ ಮಾತೇ ಬಹಳ ದಿವಸ ಕಾಡಿತು. ಸಾಲದ ಅರ್ಜಿಯ ಹಿಂದೆ ಅರ್ಧ ಈ ಮಾತೇ ಇತ್ತು.

ಹುಡುಗಿ ಆಮೇಲೆ ಕೇಳಿದ್ದು ಒಳ್ಳೆಯ ಪ್ರಶ್ನೆ: "ಇನ್ನೊಂದ್ ವರ್ಷ ಕುಂತ್ರ ಎಷ್ಟು ಏರಬಹುದ್ರಿ?" ನಾವು ಅವಳಿಗೆ ಹೇಳಿದ್ದು, ಒಂದು ತಿಂಗಳು ಭೌತಶಾಸ್ತ್ರ ಮಾತ್ರ ಓದಿ ಇನ್ನೊಂದು ಪತ್ರಿಕೆ ಬರೆ, ಆಮೇಲೆ ಮಾತಾಡೋಣ ಅಂತ. ತಿಂಗಳಾದ ಮೇಲೆ ಇಪ್ಪತ್ತು ಇದ್ದದ್ದು ಮೂವತ್ತೆರಡಾಯಿತು. ಅವಳೇ ಹಾಳೆ ಮಡಿಸಿಟ್ಟಳು. ಸಿಇಟಿಯಲ್ಲಿ ಕೃಷಿ ಪದವಿಗೆ ರೈತರ ಮಕ್ಕಳಿಗೆ ಬೇರೆ ಪಾಲು ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ; ಬೀಜ, ಗೊಬ್ಬರ, ಸಲಕರಣೆ ಗುರುತಿಸುವಂಥದ್ದು. ಅದಕ್ಕೆ ಅವಳಿಗೆ ಯಾರ ಕೋಚಿಂಗೂ ಬೇಕಾಗಲಿಲ್ಲ. ಈಗ ವಿಜಯಪುರದ ಹಿಟ್ಟಿನಹಳ್ಳಿ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಸಾಲದ ಅರ್ಜಿ ವಾಪಸ್ ಆಯಿತು. ತಾಯಿ ಇನ್ನೂ ಒಮ್ಮೊಮ್ಮೆ "ಡಾಕ್ಟರ್ ಆಗಬೇಕಿತ್ತು" ಅಂತಾರೆ.

ನಮ್ಮ ತಪ್ಪೂ ಒಂದು ಹೇಳಬೇಕು. ಇನ್ನೊಬ್ಬ ಹುಡುಗಿ, ಜೆಇಇ ಮೇನ್ ಬರೆದು ರ್‍ಯಾಂಕ್ ತಂದಳು. ನಾವು ಪಟ್ಟಿ ನೋಡಿ "ಸುರತ್ಕಲ್ ಆಗೋದಿಲ್ಲ, ಸುಮ್ಮನೆ ಆಸೆ ಬೇಡ" ಅಂದೆವು. ಆಕೆ ಆಯ್ಕೆಯನ್ನೇ ತುಂಬಲಿಲ್ಲ. ಎರಡು ತಿಂಗಳ ನಂತರ ಬೇರೆ ಕೆಲಸಕ್ಕೆ ಅದೇ ಪಟ್ಟಿ ತೆಗೆದಾಗ ಕಣ್ಣಿಗೆ ಬಿತ್ತು: ನಾವು ನೋಡಿದ್ದು ಎಲ್ಲರಿಗೂ ಸೇರಿದ ಸಾಲು. 2018ರಿಂದ ಐಐಟಿ, ಎನ್‌ಐಟಿಗಳಲ್ಲಿ ಹುಡುಗಿಯರಿಗೆಂದೇ ಹೆಚ್ಚುವರಿ ಸೀಟು ಮಾಡಿದ್ದಾರೆ, ಅದಕ್ಕೆ ಬೇರೆ ಸಾಲು ಇದೆ. ಆ ಸಾಲಿನಲ್ಲಿ, ಕರ್ನಾಟಕದ ಪಾಲಿನಲ್ಲಿ, ಅವಳ ರ್‍ಯಾಂಕಿಗೆ ಸಿವಿಲ್ ವಿಭಾಗ ಸಿಗುವಂತಿತ್ತು. ಅವಳ ಮನೆಗೆ ಹೋಗಿ ಹೇಳಿದೆವು. ಅವಳ ತಂದೆ "ಆತು ಬಿಡ್ರಿ, ನಸೀಬು" ಅಂದರು. ಅದು ನಸೀಬಲ್ಲ, ನಮ್ಮ ಅಜ್ಞಾನ. ಆವತ್ತಿನಿಂದ ಇಬ್ಬರು ಕೂತು ನೋಡದೆ ನಾವು ಯಾರಿಗೂ "ಆಗೋದಿಲ್ಲ" ಅನ್ನುವುದಿಲ್ಲ. ನೀವೂ ಯಾರ ಬಾಯಿಂದಲೂ, ಮಾಸ್ತರರ ಬಾಯಿಂದಲೂ, ಆ ಒಂದು ಮಾತು ಕೇಳಿ ಎದ್ದು ಬರಬೇಡಿ. ಯಾವ ಸಾಲು ನೋಡಿದಿರಿ ಅಂತ ಕೇಳ್ರಿ.

ಆಯ್ಕೆ ತುಂಬುವಾಗ ಹೆದರಬಾರದು. ಸಿಇಟಿಯಲ್ಲಿ ಮೊದಲು ಅಣಕು ಹಂಚಿಕೆ ಮಾಡಿ ತೋರಿಸುತ್ತಾರೆ. ಈಗಿನಂತೆ ಇದ್ದರೆ ನಿಮಗೆ ಯಾವ ಸೀಟು ಬರುತ್ತದೆ ಅಂತ. ಅದು ನಿಮ್ಮ ಅಂದಾಜು ಪರೀಕ್ಷಿಸಿಕೊಳ್ಳಲು ಒಳ್ಳೆಯ ಕನ್ನಡಿ. ಅದನ್ನು ನೋಡಿ ಆಯ್ಕೆ ಬದಲಿಸಲು ಅವಕಾಶ ಕೊಡುತ್ತಾರೆ. ಬಹಳ ಇಷ್ಟದ್ದು ಸಿಗುವುದು ಕಷ್ಟವಾದರೂ ಮೇಲೆಯೇ ಬರೆಯಿರಿ, ಅದರಿಂದ ಕೆಳಗಿನದು ಕೈತಪ್ಪುವುದಿಲ್ಲ. ಕೆಳಗೆ ಖಂಡಿತ ಸಿಗುವಂಥವೂ ಇರಲಿ. ಎಂಜಿನಿಯರಿಂಗಿಗೆ ಸಿಇಟಿ ರ್‍ಯಾಂಕಿನಲ್ಲಿ ಅರ್ಧ ಭಾಗ ಪಿಯುಸಿ ಅಂಕದ್ದು ಎಂಬುದನ್ನು ಮರೆಯಬೇಡಿ. ಕೋಚಿಂಗಿನ ಗದ್ದಲದಲ್ಲಿ ಬೋರ್ಡ್ ಪರೀಕ್ಷೆ ಬಿಟ್ಟವರು ಇಲ್ಲಿ ಕೆಳಗೆ ಇಳಿಯುತ್ತಾರೆ. ಇನ್ನು ವಿಜ್ಞಾನವಲ್ಲದ ಮಕ್ಕಳಿಗೂ ಕೇಂದ್ರೀಯ ವಿಶ್ವವಿದ್ಯಾಲಯಗಳಿವೆ. 2022ರಿಂದ ಅವಕ್ಕೆ ಸಿಯುಇಟಿ ಪರೀಕ್ಷೆ, ಕನ್ನಡದಲ್ಲೂ ಬರೆಯಬಹುದು. ನಮಗೆ ಹತ್ತಿರದ್ದು ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿದೆ.

ಸೀಟು ಬಂದರೆ ರೊಕ್ಕ ಎಲ್ಲಿಂದ ಅನ್ನುವ ಭಯಕ್ಕೆ ಎರಡು ಮಾತು. ಐಐಟಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮಾಫಿ. ಮನೆಯ ಆದಾಯ ಲಕ್ಷದೊಳಗಿದ್ದರೆ ಉಳಿದವರಿಗೂ ಪೂರ್ತಿ ಮಾಫಿ, ಐದು ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ಮಾಫಿ. ಹೆಸರಾಂತ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಆಸ್ತಿ ಅಡ ಇಡದೆ ಬ್ಯಾಂಕ್ ಸಾಲ ಕೊಡುವ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆ 2024ರಲ್ಲಿ ಬಂದಿದೆ. ಸೀಟು ಬಂದ ಮೇಲಿನ ಸಾಲ ಬೇರೆ, ಸೀಟು ಬರುತ್ತದೆಂದು ನಂಬಿ ಮಾಡುವ ಸಾಲ ಬೇರೆ. ನಮ್ಮ ಸಂಘದ ಪುಸ್ತಕದಲ್ಲಿ ಎರಡನ್ನೂ ಒಂದೇ ಕಾಲಮ್ಮಿನಲ್ಲಿ ಬರೆಯುತ್ತಿದ್ದೆವು. ಇನ್ನು ಮೇಲೆ ಎರಡನೆಯದಕ್ಕೆ ಅರ್ಜಿ ಕೊಡುವವರು ಮೂರು ಪತ್ರಿಕೆಯ ಹಾಳೆಗಳನ್ನೂ ಜೊತೆಗೆ ತರಬೇಕು ಅಂತ ಗೊತ್ತುವಳಿ ಮಾಡೋಣ ಎಂದು ನಮ್ಮ ಸಲಹೆ. ಸರಿ ಅನಿಸಿದರೆ ಇವತ್ತೇ ಸಂಘವಾರು ಕೂತು ಮಾತಾಡಿರಿ.

ಬರುವ ಭಾನುವಾರದಿಂದ ಇದೇ ಹಾಲಿನಲ್ಲಿ ಮೂರು ವಾರ ಪತ್ರಿಕೆ ಬರೆಸುತ್ತೇವೆ. ವಿದ್ಯಾರ್ಥಿಗಳು ಪೆನ್ನು, ಕೈಗಡಿಯಾರ, ನೀರಿನ ಬಾಟಲಿ ತನ್ನಿರಿ. ಶಾಲೆ ಬದಲಿಸಿದವರು ಎಲ್ಲ ವರ್ಷಗಳ ದಾಖಲೆಯ ಜೆರಾಕ್ಸ್ ತನ್ನಿರಿ, ವರ್ಷ ಎಣಿಸಿ ಹೇಳುತ್ತೇವೆ. ತಾಯಂದಿರು ಬರುವುದಿದ್ದರೆ ಹೊರಗೆ ಬೇವಿನ ಗಿಡದ ಕೆಳಗೆ ಕೂಡಬಹುದು. ಐದು ಗಂಟೆಯವರೆಗೆ ಒಳಗೆ ಬಿಡುವುದಿಲ್ಲ.